ಒಂದು ಬಲವಾದ ಗ್ರಾಫಿಕ್ಸ್ ಕಾರ್ಡೋ, ಸಾಧಾರಣವಾದ ಎರಡೋ?

ಪ್ರಶ್ನೆ: ನನ್ನ ಬಳಿ 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಇದೆ. 1440ಪಿ ಮಾನಿಟರ್‌ನಲ್ಲಿ ಗೇಮ್ ಆಡುತ್ತೇನೆ, ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಚಿಕ್ಕ ಅನಿಮೇಶನ್‌ಗಳನ್ನು ಮಾಡುತ್ತೇನೆ, ಈಚೆಗೆ ಎಐ ಭಾಷಾ ಮಾದರಿಗಳನ್ನು ಸ್ವಂತ ಕಂಪ್ಯೂಟರ್‌ನಲ್ಲೇ ಓಡಿಸಲು ಶುರುಮಾಡಿದ್ದೇನೆ. ಇಂಥದ್ದೇ ಇನ್ನೊಂದು 3060 ಹಾಕಿಕೊಳ್ಳಲೇ, ಇಲ್ಲಾ ಇದನ್ನು ಮಾರಿ ಬಲವಾದ ಒಂದೇ ಕಾರ್ಡ್ ತರಲೇ? ಮದರ್‌ಬೋರ್ಡ್‌ನಲ್ಲಿ ಉದ್ದನೆಯ ಸ್ಲಾಟ್ ಎರಡಿವೆ. ಪವರ್ ಸಪ್ಲೈ 650 ವ್ಯಾಟ್‌ನದು.

ಉತ್ತರ: ನಿಮ್ಮ ಮೂರು ಕೆಲಸಗಳಿಗೆ ಮೂರು ಬೇರೆ ಉತ್ತರಗಳಿವೆ. ಗೇಮಿಗೆ ಎರಡನೇ ಕಾರ್ಡಿನಿಂದ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಬ್ಲೆಂಡರ್‌ನಲ್ಲಿ ಒಳ್ಳೆಯ ಲಾಭವಿದೆ. ಭಾಷಾ ಮಾದರಿಗಳ ವಿಷಯದಲ್ಲಂತೂ ಎರಡು ಸಾಧಾರಣ ಕಾರ್ಡುಗಳು ಒಂದು ಬಲವಾದ ಕಾರ್ಡನ್ನು ಹಿಂದೆ ಹಾಕುವ ಸಂದರ್ಭಗಳೂ ಉಂಟು. ಆದ್ದರಿಂದ ಎರಡು ಕಾರ್ಡುಗಳ ವೇಗವನ್ನು ಕೂಡಿಸಿ ನೋಡುವ ಲೆಕ್ಕವನ್ನು ಮೊದಲು ಬಿಟ್ಟುಬಿಡಿ. ಕೇಳಿಕೊಳ್ಳಬೇಕಾದದ್ದು ಇಷ್ಟೇ: ಕೆಲಸವನ್ನು ಎರಡು ಪಾಲು ಮಾಡಿದರೆ ಒಂದು ಪಾಲಿಗೆ ಇನ್ನೊಂದರ ಫಲಿತಾಂಶ ಬೇಕಾಗುತ್ತದೆಯೇ? ಬೇಡವೆಂದಾದರೆ ಎರಡು ಕಾರ್ಡು ಧಾರಾಳವಾಗಿ ಆಗುತ್ತದೆ. ಬೇಕೆಂದಾದರೆ, ಎಷ್ಟು ಡೇಟಾ ಎಷ್ಟು ಸಲ ಅತ್ತಿತ್ತ ಓಡಾಡಬೇಕು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಗೇಮಿನ ವಿಷಯ ಬೇಗ ಮುಗಿಯುತ್ತದೆ. ಒಂದೇ ಗೇಮಿಗೆ ಎರಡು ಕಾರ್ಡು ದುಡಿಯುವಂತೆ ಜೋಡಿಸಲು ಎನ್‌ವಿಡಿಯಾ 2004ರಲ್ಲಿ ಎಸ್‌ಎಲ್‌ಐ ತಂದಿತು, ಮರುವರ್ಷ ಎಟಿಐ ಕ್ರಾಸ್‌ಫೈರ್ ತಂದಿತು. ಎರಡರಲ್ಲೂ ಹೆಚ್ಚು ಬಳಕೆಯಾದ ವಿಧಾನ ಒಂದೇ: ಒಂದು ಫ್ರೇಮ್ (ಪರದೆಯ ಒಂದು ಚಿತ್ರ) ಒಂದು ಕಾರ್ಡಿಗೆ, ಮುಂದಿನದು ಇನ್ನೊಂದಕ್ಕೆ. ಪ್ರತಿ ಕಾರ್ಡಿನಲ್ಲೂ ಗೇಮಿನ ಎಲ್ಲ ಟೆಕ್ಸ್ಚರ್‌ಗಳ ಪೂರ್ತಿ ಪ್ರತಿ ಇರಲೇಬೇಕಾದ್ದರಿಂದ 8 ಜಿಬಿಯ ಎರಡು ಕಾರ್ಡು ಸೇರಿದರೂ ಗೇಮಿಗೆ ಸಿಗುತ್ತಿದ್ದದ್ದು 8 ಜಿಬಿಯೇ. ಸಾಲದ್ದಕ್ಕೆ ಫ್ರೇಮ್‌ಗಳ ನಡುವಿನ ಅಂತರ ಸಮವಾಗಿರುತ್ತಿರಲಿಲ್ಲ. ಕೌಂಟರ್ ಸೆಕೆಂಡಿಗೆ 60 ಫ್ರೇಮ್ ಎಂದು ತೋರಿಸುತ್ತಿದ್ದರೂ ಒಂದು ಫ್ರೇಮ್ 8 ಮಿಲಿಸೆಕೆಂಡಿಗೆ, ಮುಂದಿನದು 25 ಮಿಲಿಸೆಕೆಂಡಿಗೆ ಬಂದರೆ ಕಣ್ಣಿಗೆ ತಡವರಿಕೆಯೇ ಕಾಣುತ್ತದೆ.

ಇವಿಷ್ಟನ್ನೂ ಸಹಿಸಿಕೊಂಡವರಿದ್ದರು. ಈ ಪದ್ಧತಿಯನ್ನು ನಿಜವಾಗಿ ಮುಗಿಸಿದ್ದು ಗೇಮ್ ಎಂಜಿನ್‌ಗಳ ಬದಲಾವಣೆ. ಅಂಚುಗಳನ್ನು ನಯಗೊಳಿಸುವ ಟಿಎಎ, ಚಿಕ್ಕ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್, ರೇ ಟ್ರೇಸಿಂಗಿನ (ಬೆಳಕಿನ ಲೆಕ್ಕದ) ಕಾಳುಕಾಳನ್ನು ಅಳಿಸುವ ಡಿನಾಯ್ಸರ್ ಇವೆಲ್ಲ ಹಿಂದಿನ ಫ್ರೇಮಿನ ಚಿತ್ರವನ್ನೂ ಚಲನೆಯ ಮಾಹಿತಿಯನ್ನೂ ಬಳಸಿಕೊಂಡು ಈಗಿನ ಫ್ರೇಮನ್ನು ಕಟ್ಟುತ್ತವೆ. ಹಿಂದಿನ ಫ್ರೇಮ್ ಪಕ್ಕದ ಕಾರ್ಡಿನಲ್ಲಿದ್ದರೆ ಅದು ಮುಗಿದು, ಬಸ್ ದಾಟಿ ಬರುವ ತನಕ ಈ ಕಾರ್ಡ್ ಕೈಕಟ್ಟಿ ಕೂರಬೇಕು. 2021ರ ಜನವರಿ 1ರಿಂದ ಎನ್‌ವಿಡಿಯಾ ಆರ್‌ಟಿಎಕ್ಸ್ 20 ಮತ್ತು ಅದಕ್ಕಿಂತ ಹಳೆಯ ಸರಣಿಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಗೇಮಿಗೊಂದರಂತೆ ಡ್ರೈವರ್‌ನಲ್ಲಿರುವ ಹೊಂದಾಣಿಕೆ) ಸೇರಿಸುವುದನ್ನು ನಿಲ್ಲಿಸಿತು. 30ರ ಸರಣಿಯ ಗೇಮಿಂಗ್ ಕಾರ್ಡುಗಳಲ್ಲಿ 3090 ಮತ್ತು 3090 ಟಿಐಗೆ ಮಾತ್ರ ಎರಡು ಕಾರ್ಡುಗಳನ್ನು ಜೋಡಿಸುವ ಬ್ರಿಡ್ಜ್‌ನ ಕನೆಕ್ಟರ್ ಇತ್ತು. 40ರ ಸರಣಿಯಲ್ಲಿ 4090ಕ್ಕೂ ಇಲ್ಲ. ನಿಮ್ಮ 3060ರ ಮೇಲಂಚನ್ನು ನೋಡಿದರೆ ಅಲ್ಲಿ ಬ್ರಿಡ್ಜ್ ಕೂರಿಸುವ ಜಾಗವೇ ಇಲ್ಲ. ಗೇಮ್‌ಗಳು ಕಾರ್ಡಿನೊಂದಿಗೆ ಮಾತಾಡಲು ಬಳಸುವ ಡೈರೆಕ್ಟ್‌ಎಕ್ಸ್ 12 ಮತ್ತು ವಲ್ಕನ್‌ನಲ್ಲಿ ಗೇಮ್ ತಯಾರಕರೇ ಎರಡು ಕಾರ್ಡುಗಳಿಗೆ ಕೆಲಸ ಹಂಚುವ ಅವಕಾಶವಿದೆ, ಆದರೆ ಆ ಶ್ರಮ ಪಟ್ಟವರು ಬೆರಳೆಣಿಕೆಯಷ್ಟು. ಲಾಸ್‌ಲೆಸ್ ಸ್ಕೇಲಿಂಗ್ ಎಂಬ ಆ್ಯಪ್‌ನಲ್ಲಿ ಒಂದು ಕಾರ್ಡ್ ಗೇಮ್ ಓಡಿಸುವಾಗ ಇನ್ನೊಂದು ಕಾರ್ಡ್ ನಡುವಿನ ಕೃತಕ ಫ್ರೇಮ್‌ಗಳನ್ನು ತುಂಬುತ್ತದೆ. ಮಾನಿಟರ್ ಕೇಬಲನ್ನು ಆ ಎರಡನೇ ಕಾರ್ಡಿಗೆ ಹಾಕಬೇಕು. ಮನೆಯಲ್ಲಿ ಹಳೆಯ ಕಾರ್ಡ್ ಇದ್ದರೆ ಪ್ರಯೋಗಿಸಿ ನೋಡಬಹುದು, ಇದಕ್ಕೆಂದೇ ಕಾರ್ಡ್ ಕೊಳ್ಳುವುದು ದಂಡ.

ಬ್ಲೆಂಡರ್‌ನಲ್ಲಿ ಪರಿಸ್ಥಿತಿ ಪೂರ್ತಿ ಬೇರೆ. ಅದರ ಸೈಕಲ್ಸ್ ರೆಂಡರರ್‌ಗೆ (ಸೀನನ್ನು ಚಿತ್ರವಾಗಿಸುವ ಭಾಗಕ್ಕೆ) ಒಂದು ಪಿಕ್ಸೆಲ್‌ನ ಲೆಕ್ಕಕ್ಕೆ ಪಕ್ಕದ ಪಿಕ್ಸೆಲ್ ಬೇಕಿಲ್ಲ, ಒಂದು ಫ್ರೇಮಿಗೆ ಮುಂದಿನ ಫ್ರೇಮ್ ಬೇಕಿಲ್ಲ. ಪ್ರಿಫರೆನ್ಸಸ್‌ನ ಸಿಸ್ಟಮ್ ಪುಟದಲ್ಲಿ ಎನ್‌ವಿಡಿಯಾ ಕಾರ್ಡುಗಳಿಗಿರುವ ಆಪ್ಟಿಕ್ಸ್ ಆರಿಸಿ ಎರಡೂ ಕಾರ್ಡುಗಳಿಗೆ ಟಿಕ್ ಹಾಕಿದರೆ ಚಿತ್ರವನ್ನು ಅದೇ ಹಂಚಿಕೊಳ್ಳುತ್ತದೆ. ಎರಡರ ವೇಗ ಬೇರೆಯಾಗಿದ್ದರೂ ಪಾಲನ್ನು ಹೊಂದಿಸಿಕೊಳ್ಳುತ್ತದೆ. ಆದರೂ ಸಮಯ ಸರಿಯಾಗಿ ಅರ್ಧಕ್ಕೆ ಇಳಿಯುವುದಿಲ್ಲ. ಒಂದು ಫ್ರೇಮಿಗೆ 40 ಸೆಕೆಂಡು ಹಿಡಿಯುತ್ತದೆ, ಅದರಲ್ಲಿ 10 ಸೆಕೆಂಡು ಸೀನ್ ಸಿದ್ಧಪಡಿಸುವುದಕ್ಕೇ ಹೋಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಕಾರ್ಡುಗಳು ಉಳಿದ 30ನ್ನು 15ಕ್ಕೆ ಇಳಿಸುತ್ತವೆ, ಆ 10 ಹಾಗೆಯೇ ಇರುತ್ತದೆ. ಒಟ್ಟು 25, ನೀವು ನಿರೀಕ್ಷಿಸಿದ 20 ಬರುವುದಿಲ್ಲ.

ಅನಿಮೇಶನ್‌ಗೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಬ್ಲೆಂಡರನ್ನೇ ಎರಡು ಸಲ ತೆರೆದು ಒಂದೊಂದಕ್ಕೂ ಒಂದೊಂದು ಕಾರ್ಡ್ ಕೊಡಿ. ಕ್ಯೂಡಾ_ವಿಸಿಬಲ್_ಡಿವೈಸಸ್ (CUDA_VISIBLE_DEVICES) ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಮೊದಲನೆಯದರಲ್ಲಿ 0, ಎರಡನೆಯದರಲ್ಲಿ 1 ಕೊಟ್ಟು ಕಮಾಂಡ್ ಲೈನ್‌ನಿಂದ ಶುರುಮಾಡಬೇಕು. ಔಟ್‌ಪುಟ್ ಪ್ರಾಪರ್ಟೀಸ್‌ನಲ್ಲಿ ಓವರ್‌ರೈಟ್ ತೆಗೆದು ಪ್ಲೇಸ್‌ಹೋಲ್ಡರ್ಸ್ ಹಾಕಿ, ಎರಡಕ್ಕೂ ಅದೇ ಫೋಲ್ಡರ್ ಕೊಡಿ. ಒಂದು ಕೈಗೆತ್ತಿಕೊಂಡ ಫ್ರೇಮಿನ ಖಾಲಿ ಫೈಲ್ ಅಲ್ಲಿ ಇರುವುದನ್ನು ನೋಡಿ ಇನ್ನೊಂದು ಮುಂದಿನ ಫ್ರೇಮಿಗೆ ಹೋಗುತ್ತದೆ. ಸಿದ್ಧತೆಯ 10 ಸೆಕೆಂಡುಗಳೂ ಜೊತೆಜೊತೆಗೇ ಕಳೆಯುವುದರಿಂದ ಸರಾಸರಿ ಫ್ರೇಮಿಗೆ 20 ಸೆಕೆಂಡಿನ ಹತ್ತಿರ ಬರುತ್ತೀರಿ. ಸಿಸ್ಟಮ್ ರ್‍ಯಾಮ್ ಮಾತ್ರ ದುಪ್ಪಟ್ಟು ಬೇಕು. ಪರ್ಸಿಸ್ಟೆಂಟ್ ಡೇಟಾ ಆಯ್ಕೆಯನ್ನೂ ಹಾಕಿದರೆ, ಸೀನ್‌ನ ಹೆಚ್ಚಿನ ಭಾಗ ಅಲುಗಾಡದೆ ಇರುವ ಶಾಟ್‌ಗಳಲ್ಲಿ ಆ ಸಿದ್ಧತೆಯ ಸಮಯವೂ ತಗ್ಗುತ್ತದೆ.

ಮಿತಿ ಎಲ್ಲಿದೆ ಎಂದರೆ, ಪೂರ್ತಿ ಸೀನ್ ಪ್ರತಿ ಕಾರ್ಡಿನಲ್ಲೂ ಹಿಡಿಸಬೇಕು. 15 ಜಿಬಿಯ ಸೀನ್ 12 ಜಿಬಿಯ ಎರಡು ಕಾರ್ಡಿನಲ್ಲಿ 24 ಜಿಬಿಯಾಗಿ ಕೂರುವುದಿಲ್ಲ. ಉಕ್ಕಿದ ಭಾಗ ಸಿಸ್ಟಮ್ ರ್‍ಯಾಮ್‌ಗೆ ಹೋಗಿ ಎರಡೂ ಕಾರ್ಡುಗಳು ನಿಧಾನವಾಗುತ್ತವೆ. ಬ್ಲೆಂಡರ್‌ನ ಇನ್ನೊಂದು ರೆಂಡರರ್ ಈವೀ ಒಂದೇ ಕಾರ್ಡನ್ನು ಬಳಸುತ್ತದೆ. ಬಟ್ಟೆ, ಹೊಗೆಯ ಸಿಮ್ಯುಲೇಶನ್‌ಗಳು ಸಿಪಿಯು ಮೇಲೆಯೇ ನಡೆಯುತ್ತವೆ.

ಇನ್ನು ಭಾಷಾ ಮಾದರಿಗಳು. ಇಲ್ಲಿ ಎರಡು ಕಾರ್ಡುಗಳ ಮೆಮೊರಿ ನಿಜವಾಗಿಯೂ ಕೂಡುತ್ತದೆ. ಯಾಕೆಂದರೆ ಮಾದರಿ ಎನ್ನುವುದು ಒಂದರ ಮೇಲೊಂದು ಪೇರಿಸಿದ ಪದರಗಳು. 64 ಪದರಗಳಿದ್ದರೆ 32ನ್ನು ಮೊದಲ ಕಾರ್ಡಿನಲ್ಲಿ, ಉಳಿದ 32ನ್ನು ಎರಡನೆಯದರಲ್ಲಿ ಇಡಬಹುದು. ಮಾದರಿಗಳನ್ನು ಓಡಿಸುವ ತಂತ್ರಾಂಶಗಳಾದ ಲಾಮಾ ಡಾಟ್ ಸಿಪಿಪಿ, ಅದರ ಮೇಲೆ ಕಟ್ಟಿದ ಓಲಾಮಾ, ಎಲ್‌ಎಂ ಸ್ಟುಡಿಯೊ ಇವೆಲ್ಲ ಇದನ್ನು ತಾವಾಗಿಯೇ ಮಾಡುತ್ತವೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟಬೇಕಾದ್ದು ತೀರಾ ಕಡಿಮೆ: ಪದರದ ಅಗಲ (ಒಂದು ಪದರ ಮುಂದಿನದಕ್ಕೆ ಕೊಡುವ ಸಂಖ್ಯೆಗಳು) 5120 ಇದ್ದರೆ ಒಂದು ಟೋಕನ್‌ಗೆ (ಪದ ಅಥವಾ ಪದದ ತುಣುಕಿಗೆ) ಸುಮಾರು 10 ಕಿಲೋಬೈಟ್. ಹಾಗಾಗಿ ಎರಡನೇ ಸ್ಲಾಟ್ ನಿಧಾನದ್ದಾಗಿದ್ದರೂ ಉತ್ತರ ಬರೆಯುವ ವೇಗಕ್ಕೆ ಪೆಟ್ಟಿಲ್ಲ, ಮಾದರಿ ಲೋಡ್ ಆಗುವುದು ಮಾತ್ರ ತಡವಾಗುತ್ತದೆ.

ವೇಗ ದುಪ್ಪಟ್ಟಾಗುತ್ತದೆ ಎಂದುಕೊಳ್ಳಬೇಡಿ. ಇದು ರಿಲೇ ಓಟ: ಟೋಕನ್ ಮೊದಲ ಕಾರ್ಡಿನ ಪದರಗಳನ್ನು ದಾಟುವ ತನಕ ಎರಡನೇ ಕಾರ್ಡ್ ನಿಂತಿರುತ್ತದೆ, ಆಮೇಲೆ ಇದು ನಿಂತು ಅದು ಓಡುತ್ತದೆ. ಒಬ್ಬರೇ ಬಳಸುವಾಗ ಪ್ರತಿ ಟೋಕನ್‌ಗೂ ಮಾದರಿಯ ಎಲ್ಲ ತೂಕಗಳನ್ನು (ಅದು ಕಲಿತ ಸಂಖ್ಯೆಗಳು, ಇವೇ ಪ್ಯಾರಾಮೀಟರ್) ಮೆಮೊರಿಯಿಂದ ಒಮ್ಮೆ ಓದಬೇಕು. ಆದ್ದರಿಂದ ವೇಗದ ಗರಿಷ್ಠ ಮಿತಿ ಎಂದರೆ ಮೆಮೊರಿ ಬ್ಯಾಂಡ್‌ವಿಡ್ತನ್ನು (ಸೆಕೆಂಡಿಗೆ ಓದಬಲ್ಲ ಡೇಟಾವನ್ನು) ಮಾದರಿಯ ಗಾತ್ರದಿಂದ ಭಾಗಿಸಿದಷ್ಟು. ಈ ಒಂದು ಭಾಗಾಕಾರ ಗೊತ್ತಿದ್ದರೆ ಅಂಗಡಿಯ ಪೋಸ್ಟರ್‌ಗಳ ಗೊಡವೆಯೇ ಬೇಡ.

ಮಾಡಿ ನೋಡೋಣ. 3200 ಕೋಟಿ, ಅಂದರೆ 32ಬಿ ಪ್ಯಾರಾಮೀಟರ್‌ನ ಮಾದರಿಯೊಂದು, ಪ್ರತಿ ತೂಕವನ್ನು ಸುಮಾರು 4 ಬಿಟ್‌ಗೆ ಇಳಿಸಿದಾಗ, ಸುಮಾರು 20 ಜಿಬಿ. ನಿಮ್ಮ 3060ರ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 360 ಜಿಬಿ. ಒಂದೇ 3060ರಲ್ಲಿ ಓಡಿಸಿದರೆ, ಹೆಚ್ಚೆಂದರೆ 12 ಜಿಬಿ ಕಾರ್ಡಿನಲ್ಲಿ, ಕನಿಷ್ಠ 8 ಜಿಬಿ ಸಿಸ್ಟಮ್ ರ್‍ಯಾಮ್‌ನಲ್ಲಿ ಉಳಿಯುತ್ತದೆ. ಎರಡು ಚಾನೆಲ್‌ನ ಡಿಡಿಆರ್4-3200 ಕೊಡುವುದು ಸೆಕೆಂಡಿಗೆ ಸುಮಾರು 51 ಜಿಬಿ. ಕಾರ್ಡಿನ ಪಾಲು 0.033 ಸೆಕೆಂಡು, ರ್‍ಯಾಮ್‌ನ ಪಾಲು 0.157 ಸೆಕೆಂಡು. ಸೆಕೆಂಡಿಗೆ 5 ಟೋಕನ್. ಈಗ 16 ಜಿಬಿಯ ಆರ್‌ಟಿಎಕ್ಸ್ 4070 ಟಿಐ ಸೂಪರ್ ತಂದಿರಿ ಎನ್ನಿ, ಬ್ಯಾಂಡ್‌ವಿಡ್ತ್ 672 ಜಿಬಿ. 15 ಜಿಬಿ ಕಾರ್ಡಿನಲ್ಲಿ ಕೂತು 5 ಜಿಬಿ ಹೊರಗುಳಿದರೂ ಸೆಕೆಂಡಿಗೆ 8 ಟೋಕನ್ ಮಾತ್ರ. ಎರಡು 3060ಗಳಲ್ಲಿ ಪೂರ್ತಿ 20 ಜಿಬಿ ಒಳಗೇ ಇರುವುದರಿಂದ 360 ಭಾಗಿಸು 20, ಸೆಕೆಂಡಿಗೆ 18. ಎಷ್ಟೋ ಪಟ್ಟು ಬಲಶಾಲಿಯಾದ ಕಾರ್ಡು ಇಲ್ಲಿ ಎರಡು ಸಾಧಾರಣ ಕಾರ್ಡುಗಳಿಗೆ ಸೋಲುವುದು ಆ 5 ಜಿಬಿಯ ದೆಸೆಯಿಂದ. 24 ಜಿಬಿಯ 3090 ಒಂದೇ ಇದ್ದರೆ 936 ಭಾಗಿಸು 20, ಅಂದರೆ 46ರ ಆಸುಪಾಸು. ಇವೆಲ್ಲ ಮೇಲ್ಮಿತಿಗಳು, ನಿಜವಾಗಿ ಸಿಗುವುದು ಇದಕ್ಕಿಂತ ಕಡಿಮೆ, ಆದರೆ ಕಾರ್ಡುಗಳ ನಡುವಿನ ಅನುಪಾತ ಹೆಚ್ಚು ಬದಲಾಗುವುದಿಲ್ಲ.

12ಕ್ಕೆ 12 ಕೂಡಿ 24 ಎನ್ನುವುದರಲ್ಲೂ ಸೋರಿಕೆಯಿದೆ. ಮಾನಿಟರ್ ಹಚ್ಚಿದ ಕಾರ್ಡಿನಲ್ಲಿ ಡೆಸ್ಕ್‌ಟಾಪ್ ಮತ್ತು ಬ್ರೌಸರ್ ಸೇರಿ ಅರ್ಧದಿಂದ ಒಂದು ಜಿಬಿ ತಿನ್ನುತ್ತವೆ. ಪ್ರತಿ ಕಾರ್ಡಿನಲ್ಲೂ ಲೆಕ್ಕಕ್ಕೆಂದು ಬಫರ್ ಬೇಕು. ಅದರ ಮೇಲೆ ಸಂಭಾಷಣೆಯ ನೆನಪು, ಅಂದರೆ ಕೆವಿ ಕ್ಯಾಶ್: ಈ ಗಾತ್ರದ ಸಾಮಾನ್ಯ ಮಾದರಿಯಲ್ಲಿ ಟೋಕನ್‌ಗೆ ಸುಮಾರು 256 ಕಿಲೋಬೈಟ್, 8192 ಟೋಕನ್‌ಗೆ 2 ಜಿಬಿ. ಹೀಗಾಗಿ ಆ 20 ಜಿಬಿಯ ಮಾದರಿ ಎರಡು 3060ಗಳಲ್ಲಿ ಕೂರುವುದು ಒತ್ತಿಕೊಂಡೇ. ಮೆಮೊರಿ ಸಾಲದೆಂಬ ಎರರ್ ಬಂದರೆ ಸಂದರ್ಭದ ಉದ್ದವನ್ನು (ಮಾದರಿ ಒಮ್ಮೆಗೆ ನೆನಪಿಡುವ ಟೋಕನ್‌ಗಳನ್ನು) 4096ಕ್ಕೆ ಇಳಿಸಿ, ಇಲ್ಲವೇ ಕ್ಯಾಶನ್ನು 8 ಬಿಟ್‌ಗೆ ಇಳಿಸಿ. ಲಾಮಾ ಡಾಟ್ ಸಿಪಿಪಿಯ ಟೆನ್ಸರ್ ಸ್ಪ್ಲಿಟ್ ಆಯ್ಕೆಯಲ್ಲಿ ಮಾನಿಟರ್ ಇರುವ ಕಾರ್ಡಿಗೆ ಸ್ವಲ್ಪ ಕಡಿಮೆ ಪಾಲು ಕೊಡಿ, 11 ಮತ್ತು 12ರ ಅನುಪಾತದಲ್ಲಿ. ವಿಂಡೋಸ್‌ನಲ್ಲಿ ಎರರ್ ಬಾರದೆ ಎಲ್ಲವೂ ಇದ್ದಕ್ಕಿದ್ದಂತೆ ತೆವಳತೊಡಗಿದರೆ, ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ಶೇರ್ಡ್ ಮೆಮೊರಿಯ ಗೆರೆ ಏರಿದೆಯೇ ನೋಡಿ. ಏರಿದ್ದರೆ ಡ್ರೈವರ್ ಸದ್ದಿಲ್ಲದೆ ಸಿಸ್ಟಮ್ ರ್‍ಯಾಮ್‌ಗೆ ತುಂಬುತ್ತಿದೆ ಎಂದರ್ಥ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್‌ಮೆಮ್ ಫಾಲ್‌ಬ್ಯಾಕ್ ಪಾಲಿಸಿಯನ್ನು ನಿಲ್ಲಿಸಿದರೆ ತೆವಳುವ ಬದಲು ನೇರವಾಗಿ ಎರರ್ ಬರುತ್ತದೆ. ಅದೇ ಮೇಲು, ಎಲ್ಲಿ ಕಡಿಮೆ ಮಾಡಬೇಕೆಂದು ತಿಳಿಯುತ್ತದೆ.

ಪ್ರತಿ ಪದರವನ್ನೇ ಸೀಳಿ ಎರಡು ಕಾರ್ಡುಗಳೂ ಏಕಕಾಲಕ್ಕೆ ದುಡಿಯುವ ಟೆನ್ಸರ್ ಪ್ಯಾರಲಲ್ ವಿಧಾನವೂ ಇದೆ, ವಿಎಲ್‌ಎಲ್‌ಎಂನಂಥ ತಂತ್ರಾಂಶದಲ್ಲಿ. ಅದರಿಂದ ವೇಗವೂ ಹೆಚ್ಚುತ್ತದೆ. ಆದರೆ ಪ್ರತಿ ಪದರಕ್ಕೆ ಎರಡು ಸಲ ಕಾರ್ಡುಗಳು ಲೆಕ್ಕ ಹೊಂದಿಸಿಕೊಳ್ಳಬೇಕು. 64 ಪದರಕ್ಕೆ ಟೋಕನ್‌ಗೆ 128 ಸಲ. 4000 ಟೋಕನ್‌ನ ದೊಡ್ಡ ಪ್ರಶ್ನೆ ಹಾಕಿದರೆ 5 ಜಿಬಿಯಷ್ಟು ಡೇಟಾ ದಾಟಬೇಕು. ಇಲ್ಲಿ ಸ್ಲಾಟ್‌ನ ವೇಗ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಚಿತ್ರ ಸೃಷ್ಟಿಸುವ ಮಾದರಿಗಳಲ್ಲಿ ಒಂದೇ ಚಿತ್ರವನ್ನು ಎರಡು ಕಾರ್ಡಿಗೆ ಹಂಚುವುದು ರೂಢಿಯಲ್ಲಿಲ್ಲ, ಎರಡು ಕಾರ್ಡು ಎರಡು ಬೇರೆ ಚಿತ್ರ ಮಾಡುತ್ತವೆ ಅಷ್ಟೆ.

ಸ್ಲಾಟ್‌ನ ಮಾತು ಬಂತಲ್ಲ. ಉದ್ದನೆಯ ಸ್ಲಾಟ್ ಎರಡಿವೆ ಎಂದ ಮಾತ್ರಕ್ಕೆ ಎರಡೂ 16 ಲೇನ್ (ಡೇಟಾ ಸಾಗುವ ದಾರಿ) ಎಂದಲ್ಲ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಗ್ರಾಫಿಕ್ಸ್‌ಗೆ ಕೊಡುವುದು 16 ಲೇನ್ ಮಾತ್ರ. ಒಳ್ಳೆಯ ಬೋರ್ಡುಗಳು ಅದನ್ನು 8 ಮತ್ತು 8 ಎಂದು ಹಂಚುತ್ತವೆ. ಹೆಚ್ಚಿನ ಬೋರ್ಡುಗಳಲ್ಲಿ ಎರಡನೇ ಸ್ಲಾಟ್ ಚಿಪ್‌ಸೆಟ್‌ನಿಂದ ಬಂದ 4 ಲೇನ್‌ನದು. ಈ ಸ್ಲಾಟ್‌ಗಳ ಗುಣಮಟ್ಟವಾದ ಪಿಸಿಐಇಯ ನಾಲ್ಕನೇ ತಲೆಮಾರಿನಲ್ಲಿ 16 ಲೇನ್ ಎಂದರೆ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 32 ಜಿಬಿ, 4 ಲೇನ್ ಎಂದರೆ 8 ಜಿಬಿ, ಮೂರನೇ ತಲೆಮಾರಾದರೆ ಅದರ ಅರ್ಧ. ಬ್ಲೆಂಡರ್‌ಗೂ ಪದರ ಹಂಚಿಕೆಯ ಭಾಷಾ ಮಾದರಿಗೂ 4 ಲೇನ್ ಸಾಕು. ಬೋರ್ಡಿನ ಕೈಪಿಡಿಯಲ್ಲಿ ಎಕ್ಸ್‌ಪ್ಯಾನ್ಶನ್ ಸ್ಲಾಟ್‌ಗಳ ಪಟ್ಟಿ ತೆಗೆದು ಓದಿ. ಎರಡನೇ ಸ್ಲಾಟ್ ಬಳಸಿದರೆ ಯಾವುದೋ ಎಂ.2 ಎಸ್‌ಎಸ್‌ಡಿ ಮಾಯವಾಗುತ್ತದೆ ಎಂಬ ಟಿಪ್ಪಣಿ ಅಲ್ಲೇ ಕೆಳಗೆ ಸಣ್ಣಕ್ಷರದಲ್ಲಿರಬಹುದು.

ಜಾಗವನ್ನು ಅಳತೆಪಟ್ಟಿ ಹಿಡಿದೇ ನೋಡಿ. ಸ್ಲಾಟ್‌ನಿಂದ ಸ್ಲಾಟ್‌ಗೆ 20 ಮಿಲಿಮೀಟರ್ ಅಂತರ. ನಿಮ್ಮ ಎರಡು ಉದ್ದನೆಯ ಸ್ಲಾಟ್‌ಗಳ ನಡುವೆ ಮೂರು ಸ್ಥಾನದ ದೂರ ಇದ್ದರೆ 60 ಮಿಲಿಮೀಟರ್. ಮೇಲಿನ ಕಾರ್ಡ್ 40 ಮಿಲಿಮೀಟರ್ ದಪ್ಪದ್ದಾದರೆ ಅದರ ಫ್ಯಾನ್‌ಗಳಿಗೆ 20 ಮಿಲಿಮೀಟರ್ ಗಾಳಿ ಸಿಗುತ್ತದೆ, ಅಷ್ಟಿದ್ದರೆ ಬದುಕಬಹುದು. 50 ಮಿಲಿಮೀಟರ್‌ನದಾದರೆ ಉಳಿಯುವುದು 10, ಅದೂ ಕೆಳಗಿನ ಕಾರ್ಡಿನ ಬಿಸಿ ಬೆನ್ನಿನ ಮೇಲಿನ ಗಾಳಿ. ಹಾಗಾದಾಗ ಬಳಲುವುದು ಮೇಲಿನ ಕಾರ್ಡು, ಕೆಳಗಿನದು ಅದಕ್ಕಿಂತ ತಣ್ಣಗಿರುತ್ತದೆ. ಹೆಚ್ಚು ಬಿಸಿಯಾದ ಕಾರ್ಡ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಕೊಂಡ ವೇಗದ ಒಂದು ಪಾಲು ಹಾಗೇ ಆವಿಯಾಗುತ್ತದೆ. ರೈಸರ್ ಕೇಬಲ್ ಹಾಕಿ ಎರಡನೆಯದನ್ನು ದೂರ ಇಡಬಹುದು, ಆದರೆ ಮೂರನೇ ತಲೆಮಾರಿನ ಕೇಬಲನ್ನು ನಾಲ್ಕನೆಯದರ ವೇಗದಲ್ಲಿ ಓಡಿಸಿದರೆ ಪರದೆ ಕಪ್ಪಾಗುವುದು, ಮೆಷಿನ್ ತಾನಾಗಿ ರೀಸ್ಟಾರ್ಟ್ ಆಗುವುದು ಶುರುವಾಗುತ್ತದೆ. ಬಯಾಸ್‌ನಲ್ಲಿ ಆ ಸ್ಲಾಟನ್ನು ಜೆನ್ 3ಕ್ಕೆ ಇಳಿಸಿದರೆ ನಿಲ್ಲುತ್ತದೆ.

ಕರೆಂಟಿನ ಲೆಕ್ಕ: ಎರಡು 3060 ತಲಾ 170 ವ್ಯಾಟ್‌ನಂತೆ 340, ಪ್ರೊಸೆಸರ್‌ಗೆ 150, ಉಳಿದದ್ದಕ್ಕೆಲ್ಲ 60. ಒಟ್ಟು 550. ಕಾಗದದ ಮೇಲೆ 650 ಸಾಕು. ಆದರೆ ಕಾರ್ಡುಗಳು ಕ್ಷಣಮಾತ್ರ ತಮ್ಮ ಮಿತಿಯನ್ನು ದಾಟಿ ಎಳೆಯುತ್ತವೆ, ಎರಡೂ ಒಟ್ಟಿಗೆ ಎಳೆದಾಗ ಹಳೆಯ ಪವರ್ ಸಪ್ಲೈ ಥಟ್ಟನೆ ಆಫ್ ಆಗುತ್ತದೆ. ಎಟಿಎಕ್ಸ್ 3.0 ಅಥವಾ ಅದಕ್ಕಿಂತ ಹೊಸ ಗುಣಮಟ್ಟದ 850 ವ್ಯಾಟ್ ಇಟ್ಟುಕೊಳ್ಳಿ. ಒಂದೊಂದು 8 ಪಿನ್ ಕನೆಕ್ಟರ್‌ಗೂ ಪವರ್ ಸಪ್ಲೈಯಿಂದ ಬೇರೆ ಬೇರೆ ಕೇಬಲ್ ಎಳೆಯಿರಿ, ಒಂದೇ ಕೇಬಲ್‌ನ ತುದಿಯಲ್ಲಿ ಜೋತಾಡುವ ಎರಡನೇ ಕನೆಕ್ಟರನ್ನು ಇನ್ನೊಂದು ಕಾರ್ಡಿಗೆ ಹಾಕಬೇಡಿ. 16 ಪಿನ್‌ನ ಹೊಸ ಕನೆಕ್ಟರ್ ಇರುವ ಕಾರ್ಡಾದರೆ ಅದು ಪೂರ್ತಿ ಒಳಹೋಗಿ ಕ್ಲಿಕ್ ಆಗಿರಬೇಕು, ಬುಡದಿಂದ 35 ಮಿಲಿಮೀಟರ್‌ವರೆಗೆ ಕೇಬಲ್ ಬಾಗಬಾರದು. ಅರೆಬರೆ ಕೂತ ಕನೆಕ್ಟರ್ ಕರಗಿಹೋಗಬಹುದು.

ಈಗ ನಿಮ್ಮ ವಿಷಯಕ್ಕೆ. ಇನ್ನೊಂದು 3060 ತರುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ, ಗೇಮ್ ಇದ್ದಲ್ಲೇ ಉಳಿಯುತ್ತದೆ. 3060 ಮಾರಿ 16 ಜಿಬಿಯ ಕಾರ್ಡ್ ತಂದರೆ ಗೇಮ್ ಚೆನ್ನಾಗುತ್ತದೆ, ಆದರೆ ಮೇಲೆ ನೋಡಿದಂತೆ ಆ 20 ಜಿಬಿಯ ಮಾದರಿ ತೆವಳುತ್ತದೆ. 24 ಜಿಬಿಯ ಒಂದೇ ಕಾರ್ಡ್ ಕೈಗೆಟುಕಿದರೆ ಅದನ್ನೇ ತನ್ನಿ, ಮೂರೂ ಕೆಲಸಕ್ಕೆ ಅದೇ ಸಲೀಸು. ಸೆಕೆಂಡ್ ಹ್ಯಾಂಡ್ 3090 ಆದರೆ ಕೊಳ್ಳುವ ಮೊದಲು ಅರ್ಧ ಗಂಟೆ ಲೋಡ್ ಹಾಕಿ ಎಚ್‌ಡಬ್ಲ್ಯೂಇನ್‌ಫೊ ಎಂಬ ಆ್ಯಪ್‌ನಲ್ಲಿ ಮೆಮೊರಿ ಜಂಕ್ಷನ್ ಉಷ್ಣಾಂಶ ನೋಡಿ. ಅದರ ಅರ್ಧ ಮೆಮೊರಿ ಚಿಪ್‌ಗಳು ಬೋರ್ಡಿನ ಹಿಂಬದಿಯಲ್ಲಿವೆ, 105 ಡಿಗ್ರಿ ದಾಟಿದರೆ ಥರ್ಮಲ್ ಪ್ಯಾಡ್ ಬದಲಿಸುವ ಕೆಲಸ ಕಾದಿದೆ.

ಅದು ಎಟುಕದಿದ್ದರೆ ನೀವು ಕೇಳದೆ ಬಿಟ್ಟ ಮೂರನೇ ದಾರಿಯನ್ನು ಹಿಡಿಯಿರಿ: 16 ಜಿಬಿಯ ಬಲವಾದ ಕಾರ್ಡ್ (ಮೇಲೆ ಹೇಳಿದ 4070 ಟಿಐ ಸೂಪರ್‌ನಂಥದ್ದು) ತನ್ನಿ, 3060 ಮಾರಬೇಡಿ. ಹೊಸದು ಮೇಲಿನ ಸ್ಲಾಟ್‌ನಲ್ಲಿ, ಮಾನಿಟರ್ ಅದಕ್ಕೆ, ಗೇಮ್ ಪೂರ್ತಿ ಅದರ ಮೇಲೆ. 3060 ಕೆಳಗಿನ ಸ್ಲಾಟ್‌ನಲ್ಲಿ. ಸೈಕಲ್ಸ್ ಎರಡನ್ನೂ ದುಡಿಸಿಕೊಳ್ಳುತ್ತದೆ. ಭಾಷಾ ಮಾದರಿಗೆ 28 ಜಿಬಿ ಸಿಗುತ್ತದೆ: 13 ಜಿಬಿ ಹೊಸದರಲ್ಲಿ, 7 ಜಿಬಿ 3060ರಲ್ಲಿ ಇಟ್ಟರೆ ಮೇಲ್ಮಿತಿ ಸೆಕೆಂಡಿಗೆ ಸುಮಾರು 26 ಟೋಕನ್, ಸಂದರ್ಭಕ್ಕೂ ಜಾಗ ಉಳಿಯುತ್ತದೆ. ಎರಡೂ ಎನ್‌ವಿಡಿಯಾದ್ದೇ ಆಗಿರಲಿ. ಎಎಂಡಿ ಬೆರೆಸಿದರೆ ಲಾಮಾ ಡಾಟ್ ಸಿಪಿಪಿಯ ವಲ್ಕನ್ ಆವೃತ್ತಿ ಹೇಗೋ ನಿಭಾಯಿಸುತ್ತದೆ, ಸೈಕಲ್ಸ್ ಎರಡು ಕಂಪನಿಯ ಕಾರ್ಡುಗಳನ್ನು ಒಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಕರೆಂಟಿಗೆ 4070 ಟಿಐ ಸೂಪರ್‌ನ 285, 3060ರ 170, ಪ್ರೊಸೆಸರ್‌ನ 150, ಉಳಿದದ್ದರ 60 ಸೇರಿ 665 ವ್ಯಾಟ್, ಹಾಗಾಗಿ ನಿಮ್ಮ 650 ಹೋಗಲೇಬೇಕು. 850 ಸಾಕಾಗುತ್ತದೆ, 1000 ಇದ್ದರೆ ನಿಶ್ಚಿಂತೆ.

ಜೋಡಿಸುವಾಗ ಹೊಸ ಕಾರ್ಡೊಂದನ್ನೇ ಹಾಕಿ ಒಂದು ದಿನ ಬಳಸಿ ನೋಡಿ, ಆಮೇಲೆ 3060 ಸೇರಿಸಿ. ತೊಂದರೆ ಬಂದರೆ ಯಾವುದರಿಂದ ಎಂದು ಹುಡುಕುವುದು ಸುಲಭವಾಗುತ್ತದೆ. ಎರಡೂ ಕೂತ ಮೇಲೆ ಜಿಪಿಯು-ಝಡ್ ಎಂಬ ಆ್ಯಪ್ ತೆರೆದು ಬಸ್ ಇಂಟರ್‌ಫೇಸ್ ಸಾಲಿನಲ್ಲಿ ಪ್ರತಿ ಕಾರ್ಡಿಗೆ ನಿಜವಾಗಿ ಎಷ್ಟು ಲೇನ್ ಸಿಕ್ಕಿದೆ ಎಂದು ನೋಡಿ. ಲೋಡ್ ಹಾಕಿ ನೋಡಬೇಕು, ಸುಮ್ಮನಿರುವಾಗ ಕಾರ್ಡ್ ಲಿಂಕ್‌ನ ವೇಗವನ್ನು ಇಳಿಸಿಟ್ಟಿರುತ್ತದೆ. ನಂತರ ಸೈಕಲ್ಸ್‌ನಲ್ಲಿ ಅರ್ಧ ಗಂಟೆ ಎರಡನ್ನೂ ಓಡಿಸಿ ಉಷ್ಣಾಂಶ ಗಮನಿಸಿ. ಮೇಲಿನ ಕಾರ್ಡ್ 83 ಡಿಗ್ರಿ ಮುಟ್ಟುತ್ತಿದ್ದರೆ ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್‌ನ ಪಿಎಲ್ ಆಯ್ಕೆಯಿಂದ (nvidia-smi -pl) 3060ರ ಮಿತಿಯನ್ನು 170ರಿಂದ 130 ವ್ಯಾಟ್‌ಗೆ ಇಳಿಸಿ. ಭಾಷಾ ಮಾದರಿಯ ವೇಗ ಮೆಮೊರಿಗೆ ಕಟ್ಟುಬಿದ್ದಿರುವುದರಿಂದ ಅಷ್ಟಾಗಿ ಕುಂದುವುದಿಲ್ಲ, ಕೆಳಗಿನಿಂದ ಏರುವ ಬಿಸಿ ಮಾತ್ರ ಕಡಿಮೆಯಾಗುತ್ತದೆ. ಈ ಕಮಾಂಡ್‌ಗೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು, ರೀಸ್ಟಾರ್ಟ್ ಮಾಡಿದಾಗ ಮಿತಿ ಹಿಂದಿನಂತಾಗುತ್ತದೆ. ಮೆಷಿನ್ ಶುರುವಾಗುವಾಗಲೇ ತಾನಾಗಿ ಓಡುವಂತೆ ಟಾಸ್ಕ್ ಶೆಡ್ಯೂಲರ್‌ಗೆ ಸೇರಿಸಿಬಿಡಿ.